ಟಿಂಬಕ್ಟು ನವಣೆ ಅಕ್ಕಿ: ಬೆಲೆ ಜಾಸ್ತಿ, ಆದ್ರೂ ಮನೆಗೆ ಬರ್ತಿದೆ

ನವಣೆ ಈಗ ಎಲ್ಲ ಕಡೆ ಸಿಗುತ್ತದೆ. ಆದರೆ ಬಹಳಷ್ಟು ಕಡೆ ತೌಡೆಲ್ಲ ಹೋಗಿ ನುಣ್ಣಗೆ ಹೊಳೆಯುವ ಹಳದಿ ಕಾಳು. ಆಂಧ್ರದ ರೈತರ ಬ್ರ್ಯಾಂಡ್ ಟಿಂಬಕ್ಟು ಆರ್ಗ್ಯಾನಿಕ್‌ನವರ ನವಣೆ ಸ್ವಲ್ಪ ಮಂಕು ಬಣ್ಣ, ಮೈಗೆ ತೌಡು ಅಂಟಿಕೊಂಡೇ ಇರುತ್ತದೆ. ನೋಡೋಕೆ ಏನೂ ಚೆಂದ ಇಲ್ಲ. ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಎರಡೂವರೆ ಲೋಟ ನೀರು ಇಟ್ಟರೆ ಉದುರುದುರಾಗಿ ಬೇಯುತ್ತದೆ. ನೆನೆಸದೆ ಹಾಗೇ ಕುಕ್ಕರಿಗೆ ಹಾಕಿದರೆ ಹಲ್ಲಿಗೆ ಗಟ್ಟಿ. ಚಿತ್ರಾನ್ನಕ್ಕೆ ಅಕ್ಕಿಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ. ಮೊಸರನ್ನಕ್ಕೆ ಮಾತ್ರ ಬೇಡ.

ಬೆಲೆ ಸೋನಾ ಮಸೂರಿಗಿಂತ ಎಷ್ಟೋ ಮೇಲೆ. ಯಾಕೆ ಕೊಡಬೇಕು ಅಂದ್ರೆ, ಇದು ಬರುವ ಊರು ನೋಡಿ. ಪೆನುಕೊಂಡ ದಾಟಿ ಅನಂತಪುರದ ದಾರಿಯಲ್ಲಿ ಸಿಗುವ ಚೆನ್ನೇಕೊತ್ತಪಲ್ಲಿ ಸೀಮೆ. ನಮ್ಮ ಪಾವಗಡದ ಹಾಗೆ ಮಳೆ ನಂಬುವಂತಿಲ್ಲ, ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಬಂದರೆ ಬಂತು. ಅಂಥ ಕಡೆ ದಶಕಗಳ ಕಾಲ ಎಲ್ಲರೂ ಬರೀ ಕಡಲೆಕಾಯಿ ಹಾಕಿದರು, ಮಳೆ ಕೈಕೊಟ್ಟ ವರ್ಷ ಸಾಲ ಮಾತ್ರ ಉಳಿಯಿತು. ಇಲ್ಲಿನ ಹಳ್ಳಿಯವರ ಜೊತೆ ಕೆಲಸ ಮಾಡುವ ಸಂಸ್ಥೆ ಟಿಂಬಕ್ಟು ಕಲೆಕ್ಟಿವ್ 1990ರಲ್ಲಿ ಶುರುವಾಯಿತು. 2008ರಲ್ಲಿ ರೈತರದ್ದೇ ಆದ 'ಧರಣಿ' ಸಹಕಾರ ಸಂಘ ಬಂತು. ಕಾಳು ಕೊಳ್ಳೋದು, ಹಸನು ಮಾಡಿ ಟಿಂಬಕ್ಟು ಆರ್ಗ್ಯಾನಿಕ್ ಹೆಸರಲ್ಲಿ ಮಾರೋದು ಎಲ್ಲ ಅದೇ. ಸದಸ್ಯ ರೈತರು ಒಬ್ಬರ ಹೊಲ ಒಬ್ಬರು ನೋಡಿ ಇದು ಸಾವಯವ ಅಂತ ಒಪ್ಪಬೇಕು. ದೂರದ ಇನ್‌ಸ್ಪೆಕ್ಟರ್ ಕಣ್ಣು ತಪ್ಪಿಸಬಹುದು, ಪಕ್ಕದ ಹೊಲದವನ ಕಣ್ಣು ತಪ್ಪಿಸೋಕಾಗಲ್ಲ ಅಲ್ವಾ?

ನನಗೆ ಇದಕ್ಕಿಂತ ಹಿಡಿಸಿದ್ದು ಕಲ್ಪವಲ್ಲಿ, ಅದೇ ಸೀಮೆಯಲ್ಲಿ ಕಲೆಕ್ಟಿವ್ ಜೊತೆ ಸೇರಿ ಹಳ್ಳಿಯವರು ಉಳಿಸಿಕೊಂಡ ಕಾಡು. ಬೋಳಾಗಿದ್ದ ಗುಡ್ಡಗಳನ್ನು ಸುತ್ತಲಿನ ಹಳ್ಳಿಯವರು ಬೆಂಕಿ ಬೀಳದಂತೆ, ಮರ ಕಡಿಯದಂತೆ ಕಾದರು. ಅಷ್ಟಕ್ಕೇ ಬಹುಪಾಲು ಗಿಡ ತಾನಾಗಿ ಚಿಗುರಿತು. ಹುಲ್ಲು, ಈಚಲು, ಕೆಳಗಿನ ಕೆರೆಗೆ ನೀರು ಎಲ್ಲ ಬಂತು, ತೋಳವೂ ಬಂತು. ಆದರೆ ಸರ್ಕಾರದ ಕಡತದಲ್ಲಿ ಅದು ಬೀಳು ಭೂಮಿ. ಹಾಗಾಗಿ ಗಾಳಿ ವಿದ್ಯುತ್ ಕಂಪನಿ ಬಂದು ಗುಡ್ಡದ ಮೇಲೆ ರಸ್ತೆ ಕೊರೆದು ಗಾಳಿಯಂತ್ರ ನಿಲ್ಲಿಸಿತು, ಇಷ್ಟು ವರ್ಷ ಕಾದವರ ಹೆಸರಲ್ಲಿ ತಡೆಯೋಕೆ ಒಂದು ಪಹಣಿಯೂ ಇರಲಿಲ್ಲ. ಈ ಜಗಳದ ಕಥೆ ಪ್ಯಾಕೆಟ್ಟಿನ ಹಿಂದೆ ಅಚ್ಚು ಹಾಕಿದ್ದರೆ, ಸುಮ್ನೆ 'ಆರೋಗ್ಯಕ್ಕೆ ಒಳ್ಳೆಯದು' ಅನ್ನೋದಕ್ಕಿಂತ ಎಷ್ಟೋ ತೂಕ ಇರುತ್ತಿತ್ತು.

ಕೊಳ್ಳುವವರಿಗೆ ಒಂದು ಮಾತು. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಪಾಲಿಶ್ ಮಾಡದ ಸಿರಿಧಾನ್ಯ ಬೇಗ ಕಮಟು ಹಿಡಿಯುತ್ತದೆ. ನಮ್ಮ ಬಡಾವಣೆಯ ಒಂದು ಸಾವಯವ ಅಂಗಡಿಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಇಟ್ಟ ಸರಕನ್ನೇ ಕೊಟ್ಟು, ಕೇಳಿದರೆ ಇದು ಹೀಗೇ ವಾಸನೆ ಅಂದರು. ಹೀಗೇ ಅಲ್ಲ. ಪ್ಯಾಕ್ ಮಾಡಿದ ತಾರೀಖು ನೋಡಿ, ಅರ್ಧ ಕಿಲೋ ಸಾಕು, ತಂದ ಮೇಲೆ ಫ್ರಿಜ್ಜಿನಲ್ಲಿಡಿ.