ಸೂಜಿ, ಪಥ್ಯ, ಇಸಬ್‌ಗೋಲು: ನನ್ನ ಐಬಿಎಸ್‌ಗೆ ಯಾವುದು ಹಿಡಿಸಿತು?

ಹೊರಡುವ ಮುಂಚೆ ಮೂರು ಸಲ ಶೌಚಾಲಯ. ದಾರಿಯುದ್ದಕ್ಕೂ ಮತ್ತೆ ಹೊಟ್ಟೆ ನುಲಿಯುತ್ತದೇನೋ ಅನ್ನೋ ಭಯ. ಐಬಿಎಸ್ (ಹೊಟ್ಟೆನೋವು, ಉಬ್ಬರ, ಮಲದ ಏರುಪೇರು ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಪರೀಕ್ಷೆಗಳಲ್ಲಿ ಬೇರೇನೂ ಸಿಗದಿದ್ದಾಗ ನಾನು ಮೂರು ದಾರಿ ಹಿಡಿದೆ. ಒಂದೊಂದರ ನಡುವೆ ಒಂದು ತಿಂಗಳು ಬಿಟ್ಟೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ದಿನವೂ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆದಿಟ್ಟೆ.

ಮೊದಲು ಅಕ್ಯುಪಂಕ್ಚರ್. ವಾರಕ್ಕೊಂದು ಸಲದಂತೆ ಹತ್ತು ವಾರ. ಹೊಕ್ಕುಳಿನ ಎರಡೂ ಪಕ್ಕ ಒಂದೊಂದು ಸೂಜಿ, ಎರಡೂ ಮೊಣಕಾಲಿನ ಕೆಳಗೆ ಹೊರಮಗ್ಗುಲಿಗೆ ಒಂದೊಂದು. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಒಳಗೆ ಹೋದ ಮೇಲೆ ಕಾಲು ಭಾರವಾಗಿ ಜೋಮು ಹಿಡಿದಂತಾಯಿತು. ಆಮೇಲೆ ಅರ್ಧ ಗಂಟೆ ಅಲ್ಲಾಡದೆ ಮಲಗಬೇಕು. ಮೂರನೇ ವಾರ ಹಾಗೆ ಮಲಗಿದ್ದಾಗ ಹೊಟ್ಟೆ ಗುಳುಗುಳು ಅಂದಿತು, ಕಲ್ಲಿನಂತಿದ್ದ ಕಿಬ್ಬೊಟ್ಟೆ ಸಡಿಲವಾಯಿತು. ಹತ್ತು ವಾರದಲ್ಲಿ ನೋವು ಏಳರಿಂದ ಐದಕ್ಕೆ ಇಳಿಯಿತು. ನಿದ್ದೆ ಸುಧಾರಿಸಿತು. ಉಬ್ಬರ ಮಾತ್ರ ಇದ್ದಂತೆಯೇ ಇತ್ತು.

ಇದು ಸೂಜಿಯ ಗುಣವೇ? ಚಿಕಿತ್ಸೆಗಳ ಪ್ರಯೋಗಗಳನ್ನು ಕಲೆಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ನಿಜವಾದ ಸೂಜಿಗೂ ಚುಚ್ಚಿದಂತೆ ತೋರಿಸುವ ನಕಲಿ ಸೂಜಿಗೂ ಐಬಿಎಸ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು 2008ರಲ್ಲಿ ಹಾರ್ವರ್ಡ್‌ನ ಸಂಶೋಧಕ ಟೆಡ್ ಕ್ಯಾಪ್ಚುಕ್ ತಂಡ 262 ಜನರ ಮೇಲೆ ನಡೆಸಿದ ಪ್ರಯೋಗ. ಸುಮ್ನೆ ಸರದಿಗೆ ಕಾದವರಲ್ಲಿ ನೂರಕ್ಕೆ 28 ಜನ ಸಾಕಷ್ಟು ಆರಾಮ ಸಿಕ್ಕಿತು ಅಂದರು. ಮಾತಿಲ್ಲದೆ ನಕಲಿ ಸೂಜಿ ಹಾಕಿಸಿಕೊಂಡವರಲ್ಲಿ 44. ಅದೇ ನಕಲಿ ಸೂಜಿಯ ಜೊತೆ ಅಕ್ಕರೆಯಿಂದ ಕೂತು ಮಾತಾಡಿಸಿದಾಗ 62! ನನಗಿದು ಚೆನ್ನಾಗಿ ಅರ್ಥವಾಗುತ್ತದೆ. ಅದುವರೆಗೆ ಯಾರೂ ನನ್ನ ಹೊಟ್ಟೆಯ ಕಥೆಯನ್ನು ಪೂರ್ತಿ ಕೇಳಿರಲಿಲ್ಲ. ಸೂಜಿ ಹಾಕುವವರು ಮೊದಲ ದಿನ ಮುಕ್ಕಾಲು ಗಂಟೆ ಕೇಳಿದರು.

ಎರಡನೆಯದು ಕಡಿಮೆ ಫಾಡ್‌ಮ್ಯಾಪ್ ಪಥ್ಯ, ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಫಾಡ್‌ಮ್ಯಾಪ್ ಅನ್ನುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ನೀರು ಎಳೆಯುತ್ತವೆ, ದೊಡ್ಡ ಕರುಳಿನಲ್ಲಿ ಹುದುಗಿ ಗಾಳಿ ತುಂಬುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ನಾಲ್ಕು ವಾರ ಬಂದ್. ಕಷ್ಟ ಇದೆ, ಸುಳ್ಳು ಹೇಳಲ್ಲ. ಯಾರ ಮನೆಗೆ ಹೋದರೂ ಪ್ರಶ್ನೆ. ಆದರೆ ಎರಡನೇ ವಾರಕ್ಕೇ ಉಬ್ಬರ ಇಳಿಯಿತು, ನೋವು ಮೂರಕ್ಕೆ ಬಂತು. ಆಮೇಲೆ ಒಂದೊಂದಾಗಿ ವಾಪಸ್ ತಿಂದು ನೋಡಬೇಕು. ಹಾಲು ಏನೂ ಮಾಡಲಿಲ್ಲ. ಅರ್ಧ ಈರುಳ್ಳಿ ತಿಂದ ದಿನ ಸಂಜೆಗೆ ನೋವು ಆರಕ್ಕೆ ಜಿಗಿಯಿತು. ಬೆಳ್ಳುಳ್ಳಿಯೂ ಆಗಿಬರಲಿಲ್ಲ. ಈಗ ಅದನ್ನು ಎಣ್ಣೆಯಲ್ಲಿ ಕಾಯಿಸಿ ಎಸಳು ತೆಗೆದುಬಿಡುತ್ತೇನೆ. ತೊಂದರೆ ಕೊಡುವ ಫ್ರಕ್ಟಾನ್ ಅನ್ನುವ ಸಕ್ಕರೆ ನೀರಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯುವುದಿಲ್ಲ. ದಯವಿಟ್ಟು ಮೊದಲ ಹಂತದಲ್ಲೇ ನಿಂತುಬಿಡಬೇಡಿ. ಎಲ್ಲವನ್ನೂ ವರ್ಷಗಟ್ಟಲೆ ಬಿಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸೊರಗಬಹುದು.

ಇಸಬ್‌ಗೋಲಿನ ಬಗ್ಗೆ ಹೇಳುವುದು ಕಡಿಮೆ. ಅರ್ಧ ಚಮಚದಿಂದ ಶುರು ಮಾಡಿ, ಜಾಸ್ತಿ ನೀರು ಕುಡಿಯಿರಿ. ಮಲ ಹದಕ್ಕೆ ಬಂತು, ನೋವಿನ ಅಂಕಿ ಹೆಚ್ಚು ಬದಲಾಗಲಿಲ್ಲ.

ಮತ್ತೆ ಶುರು ಮಾಡುವುದಾದರೆ ನಾನು ಪಥ್ಯವನ್ನೇ ಮೊದಲು ಹಿಡಿಯುತ್ತೇನೆ, ಅದೂ ಆಹಾರ ತಜ್ಞರ ಜೊತೆ. ಚಿಂತೆಯಾದಾಗ ಹೊಟ್ಟೆ ಬಿಗಿಯುವವರು ಸೂಜಿಯನ್ನೂ ನೋಡಬಹುದು, ಒಮ್ಮೆ ಬಳಸಿ ಎಸೆಯುವ ಸೂಜಿಯೇ ಇರಲಿ. ಮಲದಲ್ಲಿ ರಕ್ತ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಇದ್ಯಾವುದೂ ಬೇಡ, ನೇರ ವೈದ್ಯರ ಹತ್ತಿರ ಹೋಗಿ.

ಸೂಜಿ ನಿಲ್ಲಿಸಿದ್ದೇನೆ. ಆ ಅರ್ಧ ಗಂಟೆಯನ್ನು ಮಾತ್ರ ಬಿಟ್ಟಿಲ್ಲ. ಸಂಜೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಮಲಗುತ್ತೇನೆ, ಗುಳುಗುಳು ಅನ್ನುವವರೆಗೂ.