ಮಕ್ಕಳ ಗಾಲ್ಫ್ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮೈಸೂರು, ಮಂಡ್ಯ ಕಡೆ ಮಕ್ಕಳನ್ನು ಗಾಲ್ಫ್ ಕ್ಲಾಸಿಗೆ ಸೇರಿಸಬೇಕು ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಲೆಯೊಳಗೆ, ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಮೇಲೆ, ಬರೀ ಚೆಂಡಿನ ಲೆಕ್ಕ ಇಟ್ಟು ಹೊಡೆಸುವ ಜಾಗಕ್ಕೆ ತಿಂಗಳುಗಟ್ಟಲೆ ಫೀಸನ್ನು ಒಟ್ಟಿಗೆ ಕಟ್ಟಬೇಡಿ. ನನ್ನ ಮಗಳಿಗೆ ಅಂಥ ಒಂದು ಜಾಗದಲ್ಲಿ ಸಿಕ್ಕಿದ್ದು ಹಾಳಾದ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಮತ್ತು ಮೊಣಕೈ ನೋವು.

ನಮ್ಮೂರಿನ ಮಕ್ಕಳಿಗೆ ಗಾಲ್ಫ್ ಆಸೆ ಹುಟ್ಟುವುದು ಸಹಜ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ರೇಸ್‌ಕೋರ್ಸ್ ಒಳಗೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ಮೈಸೂರಿನ ಹುಡುಗಿ ಪ್ರಣವಿ ಅರಸ್ ಇವತ್ತು ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡುತ್ತಿದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿಸಿಕೊಂಡಾಗ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಈ ಹೆಸರುಗಳು ಮಕ್ಕಳಿಗೆ ಎಷ್ಟು ಹತ್ತಿರವೋ, ಇವನ್ನು ಹೇಳಿ ಅಡ್ಮಿಷನ್ ಮಾಡಿಸಿಕೊಳ್ಳುವವರಿಗೂ ಅಷ್ಟೇ ಹತ್ತಿರ. ಒಂದು ಮಾತು ಸ್ಪಷ್ಟವಾಗಿರಲಿ, ನಾನು ಹೇಳುತ್ತಿರುವುದು ಕ್ಲಬ್ಬಿನ ವಿಷಯ ಅಲ್ಲ. ಊರ ಹೊರಗೆ ಒಂದು ಶೆಡ್ಡು ಬಾಡಿಗೆಗೆ ಹಿಡಿದು, ಬಲೆ ಕಟ್ಟಿ, 'ಅಕಾಡೆಮಿ' ಅಂತ ಬೋರ್ಡ್ ಹಾಕಿಕೊಂಡ ಒಬ್ಬರ ವಿಷಯ. ಹೆಸರು ಹೇಳುವುದಿಲ್ಲ. ಅವರು ಮಾಡಿದ್ದನ್ನು ಹೇಳಿದರೆ ಸಾಕು, ಬೇರೆ ಯಾರು ಇದೇ ಥರ ಮಾಡಿದರೂ ನಿಮಗೆ ಗೊತ್ತಾಗುತ್ತದೆ.

ಸೇರುವ ದಿನವೇ ಮೂರು ತಿಂಗಳ ಫೀಸು, ಜೊತೆಗೆ 'ಕಿಟ್' ದುಡ್ಡು ತೆಗೆದುಕೊಂಡರು. ಕಿಟ್ ಅಂದರೆ ದೊಡ್ಡವರ ಹಳೇ ಕ್ಲಬ್ಬುಗಳು (ಚೆಂಡು ಹೊಡೆಯುವ ದಾಂಡುಗಳು), ಕೋಲನ್ನು ಕುಯ್ದು ಗಿಡ್ಡ ಮಾಡಿದ್ದು. ಇದರ ತೊಂದರೆ ನಮಗೆ ತಿಳಿದದ್ದು ಆಮೇಲೆ. ಕೋಲು ಕುಯ್ದರೆ ಅದು ಇನ್ನೂ ಗಡುಸಾಗುತ್ತದೆ. ಚೆಂಡಿಗೆ ತಾಗುವ ತಲೆಯ ಭಾರ ಮಾತ್ರ ದೊಡ್ಡವರದ್ದೇ ಇರುತ್ತದೆ. ಹಿಡಿಯೂ ಮಕ್ಕಳ ಕೈಗೆ ದಪ್ಪ. ಅದನ್ನು ಬೀಸಬೇಕಾದರೆ ಮಗು ಮೈ ತಿರುಗಿಸುವ ಬದಲು ಬರೀ ತೋಳು, ಮಣಿಕಟ್ಟಿನ ಬಲ ಹಾಕುತ್ತದೆ. ಮಕ್ಕಳಿಗೆ ಅಂತಲೇ ಹಗುರವಾದ, ಬಾಗುವ ಕೋಲಿನ ಸೆಟ್ ಸಿಗುತ್ತದೆ. ಅದರಲ್ಲಿ ನಾಲ್ಕೈದು ಕ್ಲಬ್ ಇದ್ದರೂ ಶುರುವಿಗೆ ಧಾರಾಳ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು ನಿಜ, ಆದರೆ ಕಲಿಯುವ ಮಗುವಿಗೆ ಅಷ್ಟು ಯಾಕೆ ಬೇಕು?

ಪಾಠ ಹೀಗೆ ನಡೆಯುತ್ತಿತ್ತು. ಒಂದು ಬಕೆಟ್ ಚೆಂಡು, ಕೈಗೆ ಡ್ರೈವರ್ (ತುಂಬಾ ದೂರ ಹೊಡೆಯುವ ಕ್ಲಬ್ಬು) ಅಥವಾ 7 ಐರನ್ (ಮಧ್ಯಮ ದೂರಕ್ಕೆ ಬಳಸುವ, ಲೋಹದ ಚಪ್ಪಟೆ ತಲೆಯ ಕ್ಲಬ್ಬು), ಎದುರಿಗೆ ಕೆಲವೇ ಅಡಿ ದೂರದಲ್ಲಿ ಬಲೆ. ಮಕ್ಕಳು ಸಾಲಾಗಿ ನಿಂತು ಹೊಡೆಯುವುದು. ಕೋಚ್ ಫೋನ್ ಹಿಡಿದುಕೊಂಡು ಓಡಾಡುತ್ತಾ 'ಸೂಪರ್, ಇನ್ನೂ ಜೋರಾಗಿ' ಅನ್ನುವುದು. ಬಕೆಟ್ ಖಾಲಿಯಾದರೆ ಇನ್ನೊಂದು ಬಕೆಟ್. ಸಂಜೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಯಾವ ಮಗು ಎಷ್ಟು ಚೆಂಡು ಹೊಡೆಯಿತು ಅಂತ ಪಟ್ಟಿ ಬರುತ್ತಿತ್ತು. ಚೆಂಡು ಎಲ್ಲಿಗೆ ಹೋಯಿತು ಅಂತ ಒಂದು ದಿನವೂ ಬರಲಿಲ್ಲ. ಬರುವುದಾದರೂ ಹೇಗೆ? ಬಲೆ ಹತ್ತಿರದಲ್ಲೇ ತಡೆದುಬಿಡುತ್ತಿತ್ತಲ್ಲ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಮಂಡ್ಯದಿಂದ ಮಗನನ್ನು ಕರೆದುಕೊಂಡು ಬರುತ್ತಿದ್ದ ಒಬ್ಬರು. 'ಅಕ್ಕಾ, ನಮ್ ಹುಡ್ಗ ಬಲೆಗೆ ಹೊಡ್ದಿದ್ದೇ ಹೊಡ್ದಿದ್ದು. ಚೆಂಡು ಎಲ್ಲಿಗ್ ಹೋಯ್ತದೆ ಅಂತ ಅವನಿಗೂ ಗೊತ್ತಿಲ್ಲ, ಕಲ್ಸೋರ್ಗೂ ಗೊತ್ತಿಲ್ಲ' ಅಂದರು. ಅವರು ರೈಲಿನಲ್ಲಿ ಬಂದು, ಮಗನ ಕ್ಲಾಸ್ ಮುಗಿಯುವ ತನಕ ಹೊರಗೆ ಕಾದು ವಾಪಸ್ ಹೋಗುತ್ತಿದ್ದರು.

ಚೆಂಡು ಹಾರುವುದನ್ನು ನೋಡದೆ ಗಾಲ್ಫ್ ಕಲಿಯುವುದು ಕನ್ನಡಿ ಇಲ್ಲದೆ ಬೈತಲೆ ತೆಗೆದ ಹಾಗೆ. ಕ್ಲಬ್ಬಿಗೂ ಚೆಂಡಿಗೂ ತಾಗು ಇರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಕ್ಲಬ್ಬಿನ ಮುಖ ಯಾವ ಕಡೆ ತಿರುಗಿದೆಯೋ ಬಹುಪಾಲು ಅದೇ ದಿಕ್ಕಿಗೆ ಚೆಂಡು ಹೊರಡುತ್ತದೆ. ಆಮೇಲೆ ಗಾಳಿಯಲ್ಲಿ ಎಡಕ್ಕೋ ಬಲಕ್ಕೋ ಬಾಗುವುದು, ಆ ಮುಖಕ್ಕೂ ಕ್ಲಬ್ಬು ಬೀಸಿ ಬಂದ ದಾರಿಗೂ ಇರುವ ವ್ಯತ್ಯಾಸದಿಂದ. ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಹೋದರೆ ಸ್ಲೈಸ್, ಎಡಕ್ಕೆ ಬಾಗಿದರೆ ಹುಕ್. ಅಂದರೆ ಏನು ತಪ್ಪಾಗಿದೆ ಅಂತ ಚೆಂಡೇ ಹೇಳುತ್ತದೆ. ಬಲೆಯಲ್ಲಿ ಸ್ಲೈಸ್ ಆದರೂ, ನೇರ ಹೋದರೂ ಕೇಳಿಸುವುದು ಒಂದೇ ಸದ್ದು. ಬಲೆ ಅಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲಾಂಚ್ ಮಾನಿಟರ್ ಅಂತ ಯಂತ್ರ ಇದೆ, ಚೆಂಡಿನ ವೇಗ, ಹೊರಟ ದಿಕ್ಕು, ತಿರುಗುವ ರೀತಿ ಎಲ್ಲ ಅಳೆಯುತ್ತದೆ. ಅದನ್ನು ಇಟ್ಟು, ಅದರ ಅಂಕಿ ಓದಿ ಹೇಳುವವರಿದ್ದರೆ ಬಲೆಯಲ್ಲೂ ಕಲಿಯಬಹುದು. ಇಲ್ಲಿ ಯಂತ್ರವೂ ಇರಲಿಲ್ಲ, ನೋಡುವ ಕಣ್ಣೂ ಇರಲಿಲ್ಲ.

ಮ್ಯಾಟ್ ಇನ್ನೊಂದು ಮೋಸ ಮಾಡುತ್ತದೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಯಾಕೆಂದರೆ ಹೊರಗಿನಿಂದ ನೋಡುವ ನಮಗೆ ಇದು ಕಾಣುವುದೇ ಇಲ್ಲ. ಐರನ್‌ನಲ್ಲಿ ಮೊದಲು ಚೆಂಡು ತಾಗಬೇಕು, ಆಮೇಲೆ ನೆಲ. ಚೆಂಡಿಗಿಂತ ಹಿಂದೆ ನೆಲಕ್ಕೆ ಹೊಡೆದರೆ ಹುಲ್ಲಿನ ಮೇಲೆ ಕ್ಲಬ್ಬು ಮಣ್ಣಲ್ಲಿ ಹೂತು ಚೆಂಡು ನಾಲ್ಕು ಹೆಜ್ಜೆ ಮುಂದೆ ಬೀಳುತ್ತದೆ. ಮ್ಯಾಟ್ ಮೇಲೆ ಹಾಗಾಗುವುದಿಲ್ಲ. ಕ್ಲಬ್ಬು ಜಾರಿಕೊಂಡು ಹೋಗಿ ಚೆಂಡನ್ನು ಎತ್ತಿಬಿಡುತ್ತದೆ. ತಪ್ಪು ಹೊಡೆತಕ್ಕೂ ಒಳ್ಳೇ ಹೊಡೆತದ ರೂಪ ಬರುತ್ತದೆ. ಮಗಳು ಮೊದಲ ಸಲ ನಿಜವಾದ ಹುಲ್ಲಿನ ಮೇಲೆ ನಿಂತಾಗ ಹೊಡೆದಿದ್ದೆಲ್ಲ ಮಣ್ಣಿಗೇ. ಚೆಂಡು ಕದಲುತ್ತಲೇ ಇರಲಿಲ್ಲ. ಅಷ್ಟು ತಿಂಗಳು 'ಸೂಪರ್' ಕೇಳಿಸಿಕೊಂಡ ಮಗು ಅವತ್ತು ಅಳು ತಡೆದುಕೊಂಡು ನನ್ನ ಮುಖ ನೋಡಿದಳು. ಅವಳನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನೋವು ಅದಕ್ಕೂ ಮುಂಚೆಯೇ ಶುರುವಾಗಿತ್ತು. ಬಲ ಮೊಣಕೈಯ ಒಳಭಾಗ. ಕೋಚ್‌ಗೆ ಹೇಳಿದರೆ 'ಶುರುವಿನಲ್ಲಿ ಇದ್ದದ್ದೇ ಮೇಡಂ, ಕೈ ಗಟ್ಟಿ ಆಗ್ತಿದೆ' ಅಂದರು. ಬ್ಯಾಂಡ್ ಕಟ್ಟಿ ಮತ್ತೆ ಹೊಡೆಸಿದರು. ದೊಡ್ಡವರಿಗೆ ಆ ಜಾಗದ ನೋವಿಗೆ ಗಾಲ್ಫರ್ಸ್ ಎಲ್ಬೋ ಅಂತಾರೆ, ಸ್ನಾಯು ಮೂಳೆಗೆ ಅಂಟುವ ಕಡೆ ಆಗುವ ತೊಂದರೆ. ಮಕ್ಕಳಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಬೇಕು ಅಂದರು ಡಾಕ್ಟರ್. ಅಲ್ಲಿ ಮೂಳೆ ಬೆಳೆಯುವ ಮೆದು ಭಾಗ ಇರುತ್ತದೆ, ಒಂದೇ ಥರದ ಏಟು ಮತ್ತೆ ಮತ್ತೆ ಬಿದ್ದರೆ ಅದಕ್ಕೇ ಪೆಟ್ಟಾಗಬಹುದು. ಭಾರದ ಕ್ಲಬ್ಬು, ಸಿಮೆಂಟ್ ಮೇಲೆ ಹಾಸಿದ ತೆಳು ಮ್ಯಾಟು, ಬಕೆಟ್ ಮೇಲೆ ಬಕೆಟ್. ಮೂರೂ ಸೇರಿದರೆ ನೋವು ಬರದೆ ಇನ್ನೇನು? ಆಟ ಪೂರ್ತಿ ನಿಲ್ಲಿಸಿ, ಫಿಸಿಯೋಥೆರಪಿ ಮಾಡಿಸಿದೆವು. ಮಗುವಿಗೆ ನೋವು ಅಂದಾಗ ಆವತ್ತಿನ ಕ್ಲಾಸ್ ನಿಲ್ಲಿಸದ ಕೋಚ್ ಹತ್ತಿರ ಒಂದು ದಿನವೂ ಬಿಡಬೇಡಿ. ಇಷ್ಟು ಮಾತ್ರ ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ.

ಶೆಡ್ಡಿನ ಗೋಡೆ ತುಂಬ ಸರ್ಟಿಫಿಕೇಟ್ ಇದ್ದವು. ಆಮೇಲೆ ನಮ್ಮ ಯಜಮಾನರು ಹತ್ತಿರ ಹೋಗಿ ಓದಿದರೆ ಎಲ್ಲವೂ ಟೂರ್ನಿಯಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟಿದ್ದು. ಆಡುವುದು ಬೇರೆ, ಕಲಿಸುವುದು ಬೇರೆ ಅಲ್ವಾ? ನಮ್ಮ ದೇಶದಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್ ಕೆಳಗೆ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಅಂತ ಇದೆ. ಕೋಚ್‌ಗಳಿಗೆ ತರಬೇತಿ ಕೊಟ್ಟು ಅರ್ಹತೆ ಕೊಡುವುದು ಅದರ ಕೆಲಸ. ಆ ಅರ್ಹತೆ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಇರುವವರು ಖುಷಿಯಿಂದಲೇ ತೋರಿಸುತ್ತಾರೆ.

ಕೈ ವಾಸಿಯಾದ ಮೇಲೆ ಮಗಳನ್ನು ಬೇರೆ ಒಬ್ಬರ ಹತ್ತಿರ ಕರೆದುಕೊಂಡು ಹೋದೆವು. ವಯಸ್ಸಾದವರು, ಮಾತು ಕಮ್ಮಿ. ಮೊದಲ ದಿನ ಅವರು ಸ್ವಿಂಗ್ ಮುಟ್ಟಲೇ ಇಲ್ಲ. ಗ್ರಿಪ್ ನೋಡಿದರು, ನಿಲ್ಲುವ ರೀತಿ ನೋಡಿದರು, ಪಾದದ ಮುಂದೆ ಒಂದು ಕೋಲು ಇಟ್ಟು ಅವಳು ಗುರಿಯ ಕಡೆ ನಿಂತೇ ಇಲ್ಲ ಅಂತ ತೋರಿಸಿದರು. ಆಮೇಲೆ ಹುಲ್ಲಿನ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಗೆರೆ ಎಳೆದು, ಚೆಂಡೇ ಇಡದೆ 'ಬೀಸಮ್ಮಾ' ಅಂದರು. ಕ್ಲಬ್ಬು ನೆಲ ಕೆರೆಯುವ ಗುರುತು ಗೆರೆಯ ಮೇಲೆ ಅಥವಾ ಸ್ವಲ್ಪ ಮುಂದೆ ಬೀಳಬೇಕು. ಅವಳದ್ದು ಪ್ರತಿ ಸಲ ಗೆರೆಗಿಂತ ಹಿಂದೆ. ಯಾರೂ ಬೈಯಲಿಲ್ಲ, ಯಾರೂ ಸೂಪರ್ ಅನ್ನಲಿಲ್ಲ. ಅವಳಿಗೇ ಕಾಣುತ್ತಿತ್ತು. ಇದನ್ನು ಯಾವ ಮೈದಾನದಲ್ಲಿ ಬೇಕಾದರೂ, ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದು.

ಅವರು ಒಂದು ಸಲಕ್ಕೆ ಒಂದೇ ವಿಷಯ ಹೇಳುತ್ತಾರೆ. ಅದು ಕೂರುವ ತನಕ ಮುಂದಿನದು ಇಲ್ಲ. ಹಿಂದಿನ ಜಾಗದಲ್ಲಿ ಒಂದೇ ಕ್ಲಾಸಿನಲ್ಲಿ ತಲೆ ಎತ್ತಬೇಡ, ಎಡಗೈ ನೆಟ್ಟಗೆ, ಸೊಂಟ ತಿರುಗಿಸು, ಮಣಿಕಟ್ಟು ಬಿಗಿ ಅಂತ ಎಲ್ಲ ಒಟ್ಟಿಗೆ ಸುರಿಯುತ್ತಿದ್ದರು. ಮಗು ಯಾವುದನ್ನು ಅಂತ ಹಿಡಿಯಬೇಕು?

ಚೆಂಡುಗಳೂ ಈಗ ತುಂಬಾ ಕಮ್ಮಿ. ಒಂದು ಹೊಡೆತ 7 ಐರನ್‌ನಲ್ಲಿ ದೂರದ ಕಂಬಕ್ಕೆ, ಮುಂದಿನದು ಹತ್ತಿರಕ್ಕೆ ಎತ್ತರವಾಗಿ ಹೊಡೆಯುವ ವೆಡ್ಜ್‌ನಲ್ಲಿ ಹತ್ತಿರದ ಬಾವುಟಕ್ಕೆ, ಆಮೇಲೆ ಇನ್ನೊಂದು. ಪ್ರತಿ ಸಲ ಹಿಂದೆ ಬಂದು, ಗುರಿ ನೋಡಿ, ಮತ್ತೆ ನಿಲ್ಲಬೇಕು. ನಿಜವಾದ ಆಟದಲ್ಲಿ ಒಂದೇ ಹೊಡೆತವನ್ನು ಎರಡು ಸಲ ಹೊಡೆಯುವ ಅವಕಾಶ ಎಲ್ಲಿರುತ್ತದೆ? ಇದಕ್ಕೆ ಸಂಶೋಧನೆಯ ಬಲವೂ ಇದೆ. 1979ರಲ್ಲಿ ಶೀ ಮತ್ತು ಮಾರ್ಗನ್ ಎಂಬ ಇಬ್ಬರು ಕೈ ಚಲನೆಯ ಒಂದು ಪ್ರಯೋಗ ಮಾಡಿದ್ದರು. ಒಂದೇ ಕೆಲಸವನ್ನು ಸತತವಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿ ಕಂಡರು. ಕೆಲಸಗಳನ್ನು ಕಲಸಿಕೊಂಡು ಮಾಡಿದವರು ಆಗ ನಿಧಾನ, ಆದರೆ ದಿನಗಳ ನಂತರ ಪರೀಕ್ಷೆ ಮಾಡಿದಾಗ ಅವರೇ ಮುಂದೆ. ಅದಕ್ಕೇ ಬಕೆಟ್ ಖಾಲಿ ಮಾಡುವ ಕ್ಲಾಸಿನಲ್ಲಿ ಮಗು ಬೇಗ ಬೇಗ ಕಲಿಯುತ್ತಿರುವ ಹಾಗೆ ಕಾಣುತ್ತದೆ, ಕೋರ್ಸಿಗೆ ಹೋದರೆ ಏನೂ ಉಳಿದಿರುವುದಿಲ್ಲ.

ಪಟಿಂಗ್, ಅಂದರೆ ಕುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಹಾಕುವುದು, ಅದರ ಬಗ್ಗೆ ಆ ಶೆಡ್ಡಿನಲ್ಲಿ ಮಾತೇ ಇರಲಿಲ್ಲ. ಪಾರ್ 72ರ, ಅಂದರೆ 18 ಹೋಲ್ (ಕುಳಿ) 72 ಹೊಡೆತದಲ್ಲಿ ಮುಗಿಸಬೇಕು ಅಂತ ಇರುವ ಕೋರ್ಸಿನಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಅಂತ ಲೆಕ್ಕ, ಅಂದರೆ 72ರಲ್ಲಿ 36 ಅಲ್ಲೇ ಆಯಿತು. ಅದಿತಿ ಟೋಕಿಯೊದಲ್ಲಿ ದೂರ ಹೊಡೆಯುವವರ ಪಟ್ಟಿಯಲ್ಲಿ ತೀರಾ ಕೆಳಗಿದ್ದರು. ಪಟಿಂಗ್‌ನಲ್ಲಿ ಎಲ್ಲರಿಗಿಂತ ಮುಂದಿದ್ದರು. ಬಹುಪಾಲು ಅದರ ಬಲದಿಂದಲೇ ನಾಲ್ಕನೇ ಸ್ಥಾನದ ತನಕ ಬಂದರು. ಮಕ್ಕಳಿಗೆ ಬರೀ ಡ್ರೈವರ್ ಕೊಟ್ಟು 'ಜೋರಾಗಿ' ಅನ್ನುವವರು ಆಟದ ಅರ್ಧ ಭಾಗ ಕಲಿಸುತ್ತಲೇ ಇಲ್ಲ.

ಹಾಗಾಗಿ ಸೇರಿಸುವ ಮುಂಚೆ ಸುಮ್ನೆ ಒಂದು ಕ್ಲಾಸ್ ಪೂರ್ತಿ ಕೂತು ನೋಡಿ. ಕೂತು ನೋಡುವುದು ಬೇಡ ಅಂತ ಅವರು ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಕೋಚ್ ಮಕ್ಕಳ ಚೆಂಡು ಎಲ್ಲಿ ಬಿತ್ತು ಅಂತ ನೋಡುತ್ತಾರಾ, ಚಿಪ್ಪಿಂಗ್ (ಕುಳಿಯ ಹತ್ತಿರಕ್ಕೆ ಚೆಂಡನ್ನು ಸಣ್ಣಗೆ ಎತ್ತಿ ಹಾಕುವುದು), ಪಟಿಂಗ್‌ಗೆ ಸಮಯ ಕೊಡುತ್ತಾರಾ, ವಾರಕ್ಕೆ ಒಮ್ಮೆಯಾದರೂ ನಿಜವಾದ ಹುಲ್ಲಿನ ಮೇಲೆ ನಿಲ್ಲಿಸುತ್ತಾರಾ ಅಂತ ಗಮನಿಸಿ. ಎರಡು ಮಕ್ಕಳಿಗೆ ಬೇರೆ ಬೇರೆ ಮಾತು ಹೇಳಿದರೆ ಒಳ್ಳೇ ಲಕ್ಷಣ. ಎಲ್ಲರಿಗೂ ಒಂದೇ ಮಾತಾದರೆ ಅವರು ಯಾರನ್ನೂ ನೋಡುತ್ತಿಲ್ಲ.

ಇನ್ನು ದುಡ್ಡಿನ ವಿಷಯ. ಡಾಕ್ಟರ್ ಚೀಟಿ ತೋರಿಸಿ ಉಳಿದ ಫೀಸ್ ಕೇಳಿದರೆ 'ರಿಫಂಡ್ ಇಲ್ಲ' ಅಂದರು. ಮಂಡ್ಯದ ಆ ಹುಡುಗನ ಅಪ್ಪನಿಗೂ ಅದೇ ಉತ್ತರ. ತಿಂಗಳು ತಿಂಗಳು ಕಟ್ಟುತ್ತೇವೆ ಅಂತ ಮೊದಲೇ ಹೇಳಿ, ಒಪ್ಪದಿದ್ದರೆ ಬಿಟ್ಟುಬಿಡಿ. ಈಗಾಗಲೇ ಕಟ್ಟಿ ಸಿಕ್ಕಿಹಾಕಿಕೊಂಡವರು 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು ಇದೆ. ರಸೀದಿ, ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ವಾಟ್ಸಾಪ್ ಗ್ರೂಪಿನ ಮೆಸೇಜು, ಡಾಕ್ಟರ್ ಚೀಟಿ ಯಾವುದನ್ನೂ ಡಿಲೀಟ್ ಮಾಡಬೇಡಿ, ಬಿಸಾಕಬೇಡಿ. ಇದೇ ಥರ ಆಗಿರುವ ಬೇರೆ ಅಪ್ಪ ಅಮ್ಮಂದಿರು ಗೊತ್ತಿದ್ದರೆ ಅವರಿಗೂ ಇದನ್ನು ಕಳಿಸಿ.