ಹಾಸನದ ಒಂದು ಆಸ್ಪತ್ರೆ: ವಾರ್ಡಿನ ಆರೈಕೆ ಮೆಚ್ಚುವಂಥದ್ದು, ಬಿಲ್ಲಿಂಗ್ ಸುಧಾರಿಸಬೇಕು

ನ್ಯುಮೋನಿಯಾ ಆಗಿದ್ದ ನಮ್ಮ ತಾಯಿಯವರನ್ನು ಹಾಸನದ ಬಿ.ಎಂ. ರಸ್ತೆಯ ಖಾಸಗಿ ಆಸ್ಪತ್ರೆಯೊಂದರ ಜನರಲ್ ವಾರ್ಡಿಗೆ ಸೇರಿಸಿದ್ದೆವು. ಚಿಕಿತ್ಸೆ ಚೆನ್ನಾಗಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ತಮ್ಮ ಕೈಕೆಳಗಿನವರನ್ನು ನಡೆಸಿಕೊಳ್ಳುವ ರೀತಿ.

ತಾಯಿಯವರಿಗೆ ಸಕ್ಕರೆ ಕಾಯಿಲೆಯೂ ಇರುವುದರಿಂದ ಊಟಕ್ಕೆ ಮುಂಚೆ ಇನ್ಸುಲಿನ್ ಕೊಡಬೇಕು. ಒಂದು ರಾತ್ರಿ ಅದು ತಡವಾಯಿತು. ಬೆಳಗಿನ ರೌಂಡ್ಸ್ ವೇಳೆ ಈ ವಿಷಯ ತಿಳಿಸಿದಾಗ ಸೂಪರಿಂಟೆಂಡೆಂಟ್ ಅವರು ಮೊದಲು ತಾಯಿಯವರಲ್ಲಿ ಕ್ಷಮೆ ಕೇಳಿದರು. ಆಮೇಲೆ ಆ ಕಿರಿಯ ಸಿಸ್ಟರನ್ನು ರೋಗಿಗಳೆದುರು ಗದರದೆ, ಆ ಹೊತ್ತಿನಲ್ಲಿ ಏನಾಗಿತ್ತೆಂದು ಸಮಾಧಾನದಿಂದ ವಿಚಾರಿಸಿದರು. ಒಟ್ಟಿಗೆ ಎರಡು ಹೊಸ ಅಡ್ಮಿಷನ್ ಬಂದಿದ್ದವು, ವಾರ್ಡಿನಲ್ಲಿ ಆಕೆ ಒಬ್ಬರೇ ಇದ್ದರು. ಅಂದೇ ರಾತ್ರಿಯಿಂದ ಊಟದ ಹೊತ್ತಿಗೆ ಇನ್ನೊಬ್ಬ ಸಿಸ್ಟರ್ ಇರುವಂತೆ ಏರ್ಪಾಡಾಯಿತು.

ಅದರ ಫಲ ಸಿಕ್ಕಿದ್ದು ರೋಗಿಗಳಿಗೆ. "ಏನಿಲ್ಲ ಬಿಡಮ್ಮ" ಎಂದು ನೋವನ್ನು ನುಂಗಿಕೊಳ್ಳುವುದು ನಮ್ಮ ಕಡೆಯ ಹಿರಿಯರ ಅಭ್ಯಾಸ. ಹಾಸಿಗೆಯ ಪಕ್ಕ ಎರಡು ಮಾತಾಡಲು ಬಿಡುವು ಸಿಕ್ಕಿದ ಅದೇ ಸಿಸ್ಟರ್ ಬಳಿ, ಡ್ರಿಪ್ ಹಾಕಿದ ಕೈ ಊದಿಕೊಂಡು ಉರಿಯುತ್ತಿದೆ ಎಂದು ತಾಯಿ ತಾವಾಗಿಯೇ ಹೇಳಿಕೊಂಡರು. ಆಕೆ ತಕ್ಷಣ ಸೂಜಿ ತೆಗೆದು ಇನ್ನೊಂದು ಕೈಗೆ ಹಾಕಿದರು. ನನಗಂತೂ ಆ ಹೇಳಿಕೊಂಡದ್ದೇ ದೊಡ್ಡ ವಿಷಯ.

ಗಮನವಿಟ್ಟು ಕೇಳುವುದು, ಅರ್ಥಮಾಡಿಕೊಳ್ಳುವುದು, ಮರುಗುವುದು, ನೆರವಾಗುವುದು: ಕೈಕೆಳಗಿನವರ ಕಷ್ಟ ಅರಿತು ನಡೆಸುವ ಇಂಥ ಸಹಾನುಭೂತಿಯ ನಾಯಕತ್ವಕ್ಕೆ ಬ್ರಿಟನ್ನಿನ ಮನೋವಿಜ್ಞಾನಿ ಮೈಕೆಲ್ ವೆಸ್ಟ್ ಹೇಳುವ ಈ ನಾಲ್ಕರಲ್ಲಿ ಕೊನೆಯದನ್ನು ನಮ್ಮ ಎಷ್ಟೋ ಆಸ್ಪತ್ರೆಗಳು ಮರೆಯುತ್ತವೆ. ಸಿಬ್ಬಂದಿಗೆ ನಗುನಗುತ್ತಾ ಮಾತಾಡಿ ಎಂದು ಬೋಧಿಸಿ, ರಾತ್ರಿಪಾಳಿಗೆ ಒಬ್ಬರನ್ನೇ ಬಿಟ್ಟರೆ ಪ್ರಯೋಜನವಿಲ್ಲ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಆಡಳಿತವು ಹಣಕಾಸು ಮತ್ತು ಗುರಿಗಳ ಬೆನ್ನು ಹತ್ತಿದ್ದಾಗ ರೋಗಿಗಳು ಹೇಗೆ ನಿರ್ಲಕ್ಷ್ಯಕ್ಕೆ ಒಳಗಾದರು ಎಂಬುದನ್ನು 2013ರ ಫ್ರಾನ್ಸಿಸ್ ವಿಚಾರಣಾ ವರದಿ ವಿವರವಾಗಿ ದಾಖಲಿಸಿದೆ.

ಹಾಸನದ ಈ ಆಸ್ಪತ್ರೆಯಲ್ಲಿ ವಾರ್ಡಿನ ಕಾಳಜಿ ಬಿಲ್ಲಿಂಗ್ ಕೌಂಟರನ್ನು ಇನ್ನೂ ತಲುಪಿಲ್ಲ. ಬೆಳಿಗ್ಗೆಯೇ ಡಿಸ್ಚಾರ್ಜ್ ಎಂದವರು ವಿಮೆಯ ಒಪ್ಪಿಗೆಗಾಗಿ ಸಂಜೆಯವರೆಗೆ ಕೂರಿಸಿದರು. ಏಕೆ ತಡ ಎಂದು ಯಾರೂ ಹೇಳಲಿಲ್ಲ. ಅಭಿಪ್ರಾಯದ ಫಾರಂ ಕೊಟ್ಟದ್ದೂ ಆಗಲೇ. ವಾರ್ಡಿನ ಆರೈಕೆಗಾಗಿ ನಾನು ಮತ್ತೆ ಅಲ್ಲಿಗೇ ಹೋಗುವೆ. ವಿಮೆ ಇರುವವರು ಮಾತ್ರ ಡಿಸ್ಚಾರ್ಜ್‌ನ ಹಿಂದಿನ ದಿನವೇ ಕಾಗದಪತ್ರಗಳು ಹೋಗಿವೆಯೇ ಎಂದು ಕೌಂಟರಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.